ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಪ್ರೊ 128 ಜಿಬಿ: ಯಾವ ಕ್ಯಾಮೆರಾಗೆ ಸಾಕು, ಯಾವುದಕ್ಕೆ ಸಾಲದು

ಗಟ್ಟಿಮೇಳ ಶುರುವಾಗಿ ಅಕ್ಷತೆ ಬೀಳತೊಡಗಿದ ಕೂಡಲೇ ಫೋಟೊಗ್ರಾಫರ್ ಶಟರ್ ಗುಂಡಿ ಒತ್ತಿ ಹಿಡಿಯುತ್ತಾರೆ. ಕ್ಯಾಮೆರಾ ನಾಲ್ಕು ಸೆಕೆಂಡು ಟಕಟಕ ಓಡುತ್ತದೆ, ಆಮೇಲೆ ಟಕ್... ಟಕ್... ಎಂದು ಕುಂಟತೊಡಗುತ್ತದೆ. ತಾಳಿಯ ಮೊದಲ ಗಂಟು ಸಿಕ್ಕಿರುತ್ತದೆ, ಮೂರನೆಯದು ಸಿಕ್ಕಿರುವುದಿಲ್ಲ. ಕಬಿನಿಯಲ್ಲಿ ಚಿರತೆ ದಾರಿ ದಾಟುವಾಗಲೂ, ರಂಗನತಿಟ್ಟಿನಲ್ಲಿ ಹಕ್ಕಿ ಮೀನಿಗೆ ಎರಗುವಾಗಲೂ ಇದೇ ಪಾಡು. ಮೆಮೊರಿ ಕಾರ್ಡು ನಿಧಾನ ಎಂದು ತೀರ್ಮಾನಿಸಿ ಅಂಗಡಿಗೆ ಹೋಗಿ “ಇರೋದರಲ್ಲೇ ಫಾಸ್ಟ್ ಕಾರ್ಡ್ ಕೊಡಿ” ಎಂದರೆ, ನಮ್ಮ ಕಡೆ ಸಾಮಾನ್ಯವಾಗಿ ಕೌಂಟರಿನ ಮೇಲೆ ಬರುವುದು ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಪ್ರೊ. ಮೇಲೆ ದಪ್ಪಕ್ಷರದಲ್ಲಿ ಸೆಕೆಂಡಿಗೆ 200 ಎಂಬಿ ಎಂದು ಬರೆದಿರುತ್ತದೆ.

ಕಾರ್ಡು ಒಳ್ಳೆಯದೇ. ಆದರೆ ಆ 200ಕ್ಕೂ ಕ್ಯಾಮೆರಾ ಕುಂಟುವುದಕ್ಕೂ ಸಂಬಂಧವೇ ಇಲ್ಲ. ಕ್ಯಾಮೆರಾದ ಸ್ಲಾಟ್, ಅಂದರೆ ಕಾರ್ಡು ಕೂರುವ ಜಾಗ, ಯುಎಚ್‌ಎಸ್-1 (ಕಾರ್ಡಿಗೂ ಕ್ಯಾಮೆರಾಗೂ ನಡುವಿನ ದಾರಿಯ ಒಂದು ದರ್ಜೆ; 2 ಅದಕ್ಕಿಂತ ವೇಗದ್ದು) ಆಗಿದ್ದರೆ ಈ 128 ಜಿಬಿ ಕಾರ್ಡಿಗಿಂತ ಹೆಚ್ಚು ದುಡ್ಡು ಹಾಕುವುದು ದಂಡ. ಸ್ಲಾಟ್ ಯುಎಚ್‌ಎಸ್-2 ಆಗಿದ್ದರೆ ಇದು ಕೆಲಸ ಮಾಡುತ್ತದೆ, ಆದರೆ ಕ್ಯಾಮೆರಾಗೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಸುಮ್ಮನೆ ಕುಳಿತಿರುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಇಲ್ಲಿ ಹಾಸಿಗೆ ಅಂದರೆ ಸ್ಲಾಟ್.

ಕಾರ್ಡಿನ ಮುಖ ಓದುವ ಬಗೆ

ಕಾರ್ಡು 32 ಮಿಮೀ ಎತ್ತರ, 24 ಮಿಮೀ ಅಗಲ. ಇಷ್ಟು ಜಾಗದಲ್ಲಿ ಐದಾರು ಗುರುತು ತುಂಬಿರುತ್ತವೆ. ಇವುಗಳಲ್ಲಿ ಅತಿ ದೊಡ್ಡದಾಗಿ ಕಾಣುವ 200, ಕಾರ್ಡಿನಿಂದ ಕಂಪ್ಯೂಟರಿಗೆ ಓದುವ ವೇಗ, ಅದೂ ‘ಹೆಚ್ಚೆಂದರೆ’ ಇಷ್ಟು ಎಂಬ ಲೆಕ್ಕ. ಫೋಟೊ ತೆಗೆಯುವಾಗ ಬೇಕಾದದ್ದು ಬರೆಯುವ ವೇಗ. ಕಂಪನಿಯ ಪ್ರಕಾರ ಈ 128 ಜಿಬಿ ಕಾರ್ಡಿನಲ್ಲಿ ಅದು ಸೆಕೆಂಡಿಗೆ 90 ಎಂಬಿವರೆಗೆ. 256 ಜಿಬಿ ಕಾರ್ಡಿಗೆ 140 ಎಂದು ಹೇಳುತ್ತಾರೆ. ಈ ಸಂಖ್ಯೆಗಳನ್ನು ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರದಲ್ಲಿ ಹುಡುಕಬೇಕು.

200 ಎಲ್ಲಿಂದ ಬಂತು ಎನ್ನುವುದೂ ಸ್ವಾರಸ್ಯವೇ. ಯುಎಚ್‌ಎಸ್-1 ಮಾನದಂಡದ ಮಿತಿಯೇ ಸೆಕೆಂಡಿಗೆ 104 ಎಂಬಿ. ಸ್ಯಾನ್‌ಡಿಸ್ಕ್ ತನ್ನದೇ ಒಂದು ವಿಧಾನದಲ್ಲಿ ಆ ಮಿತಿ ದಾಟುತ್ತದೆ. ಅದಕ್ಕೆ ಕ್ವಿಕ್‌ಫ್ಲೋ ಎಂದು ಹೆಸರಿಟ್ಟಿದೆ. ಅದನ್ನು ಬಲ್ಲ ಕಾರ್ಡ್ ರೀಡರ್ (ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಇದ್ದರೆ ಮಾತ್ರ 200 ಸಿಗುತ್ತದೆ. ಕ್ಯಾಮೆರಾಗಳು ಎಸ್‌ಡಿ ಮಾನದಂಡದ ಭಾಷೆಯನ್ನಷ್ಟೇ ಆಡುವುದರಿಂದ ಅಲ್ಲಿ 104ರ ಗೋಡೆ ಹಾಗೇ ಇರುತ್ತದೆ, ನಿಜದಲ್ಲಿ 90ರ ಆಸುಪಾಸು ದಾಟುವುದೇ ಕಷ್ಟ. ಹಾಗಾಗಿ “140 ಬರೆಯುತ್ತದಂತೆ” ಎಂದು ವೇಗದ ಆಸೆಗೆ 256 ಜಿಬಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಜಾಗ ಬೇಕಿದ್ದರೆ ಕೊಳ್ಳಿ, ಅದು ಬೇರೆ ಮಾತು.

ಎಕ್ಸ್‌ಸಿ ಗುರುತಿನ ಪಕ್ಕ ರೋಮನ್ ಅಂಕಿ ಇರುತ್ತದೆ. ಒಂದೇ ಲಂಬ ಗೀಟು ಇದ್ದರೆ ಯುಎಚ್‌ಎಸ್-1, ಎರಡು ಗೀಟು ಇದ್ದರೆ ಯುಎಚ್‌ಎಸ್-2. ಅನುಮಾನ ಬಂದರೆ ಕಾರ್ಡು ತಿರುಗಿಸಿ. ಮೊದಲನೆಯದರಲ್ಲಿ ಚಿನ್ನದ ಬಣ್ಣದ ಪಟ್ಟಿಗಳ ಒಂದೇ ಸಾಲು, ಒಟ್ಟು 9 ಪಟ್ಟಿ. ಎರಡನೆಯದರಲ್ಲಿ ಅದರ ಕೆಳಗೆ ಇನ್ನೊಂದು ಸಾಲು, 8 ಪಟ್ಟಿ ಹೆಚ್ಚಿಗೆ. ಯುಎಚ್‌ಎಸ್-2ರ 312 ಎಂಬಿ ವೇಗ ಬರುವುದು ಈ ಎರಡನೇ ಸಾಲಿನಿಂದಲೇ. ಸ್ಲಾಟಿನೊಳಗೆ ಅದಕ್ಕೆ ಜೋಡಿ ಇಲ್ಲದಿದ್ದರೆ ಆ 8 ಪಟ್ಟಿ ಬರೀ ಅಲಂಕಾರ.

ಯು ಅಕ್ಷರದೊಳಗೆ 3 ಎಂದು ಬರೆದಿರುವ ಗುರುತನ್ನು ಯುಎಚ್‌ಎಸ್-3 ಎಂದು ಓದುವವರು ಬಹಳ ಜನ. ಅಲ್ಲ. ಯು3 ಎಂದರೆ ಬರೆಯುವ ವೇಗ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ ಎಂಬ ಖಾತರಿ. ಪಕ್ಕದ ವಿ30 ಕೂಡ ಅದೇ 30, ವಿಡಿಯೊಗೆಂದು ಮಾಡಿದ ಹೊಸ ಗುರುತು. ವಿ60, ವಿ90 ಎಂದರೆ 60, 90 ಎಂಬಿ. ಯು1 ಮತ್ತು ಸಿ ಅಕ್ಷರದೊಳಗಿನ 10, ಇವೆರಡೂ 10 ಎಂಬಿ. ದಪ್ಪಕ್ಷರದ ವೇಗ ಗರಿಷ್ಠ, ಈ ಚಿಕ್ಕ ಗುರುತುಗಳದ್ದು ಕನಿಷ್ಠ. ವಿಡಿಯೊದವರು ಕನಿಷ್ಠವನ್ನು ನೋಡಿ ಕೊಳ್ಳಬೇಕು. ಎ1, ಎ2 ಎಂಬ ಗುರುತುಗಳು ಫೋನಿನಲ್ಲಿ ಆ್ಯಪ್ ಓಡಿಸಲು ಬೇಕಾದವು, ಕ್ಯಾಮೆರಾಗೆ ಅವುಗಳ ಹಂಗಿಲ್ಲ.

ಲೆಕ್ಸಾರ್ ಕಾರ್ಡುಗಳ ಮೇಲೆ 1667 ಎಕ್ಸ್, 2000 ಎಕ್ಸ್ ಎಂದಿರುತ್ತದೆ. ಇದು ಹಳೇ ಸಿಡಿ ಡ್ರೈವ್ ಕಾಲದ ಲೆಕ್ಕ: ಒಂದು ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ. 1667 ಎಕ್ಸ್ ಅಂದರೆ 250 ಎಂಬಿ, 2000 ಎಕ್ಸ್ ಅಂದರೆ 300 ಎಂಬಿ. ಅದೂ ಓದುವ ವೇಗವೇ.

ಬಫರ್ ಲೆಕ್ಕ

ಸೋನಿ ಎ6400 ತೆಗೆದುಕೊಳ್ಳಿ. ಕರ್ನಾಟಕದ ಮದುವೆ ಮನೆಗಳಲ್ಲೂ ಸಫಾರಿ ಜೀಪುಗಳಲ್ಲೂ ಸಾಕಷ್ಟು ಕಾಣುವ ಕ್ಯಾಮೆರಾ. 24 ಮೆಗಾಪಿಕ್ಸೆಲ್, ಸೆಕೆಂಡಿಗೆ 11 ಚಿತ್ರ. ಒಂದು ರಾ ಫೈಲ್ (ಜೆಪೆಗ್ ಮಾಡದೆ ಸೆನ್ಸರ್ ಕೊಟ್ಟದ್ದನ್ನು ಹಾಗೇ ಉಳಿಸಿದ ಚಿತ್ರ) ಸುಮಾರು 25 ಎಂಬಿ. ಅಂದರೆ ಗುಂಡಿ ಒತ್ತಿ ಹಿಡಿದಾಗ ಸೆಕೆಂಡಿಗೆ 275 ಎಂಬಿ ಹುಟ್ಟುತ್ತದೆ. ಸ್ಲಾಟ್ ಯುಎಚ್‌ಎಸ್-1, ಹೊರಗೆ ಹೋಗುವ ದಾರಿ 104ಕ್ಕಿಂತ ದೊಡ್ಡದಲ್ಲ. ಹುಟ್ಟುವುದಕ್ಕೂ ಹೋಗುವುದಕ್ಕೂ ನಡುವಿನ ವ್ಯತ್ಯಾಸವನ್ನು ತಡೆದುಕೊಳ್ಳುವುದೇ ಬಫರ್, ಅಂದರೆ ಕ್ಯಾಮೆರಾದೊಳಗಿನ ತಾತ್ಕಾಲಿಕ ಮೆಮೊರಿ. ಕೊಳಾಯಿ ಜೋರಾಗಿ ಬಿಟ್ಟು, ತಳದಲ್ಲಿ ಸಣ್ಣ ತೂತಿರುವ ಕೊಡ ಇಟ್ಟ ಹಾಗೆ: ಕೊಡ ತುಂಬುವವರೆಗೆ ಏನೂ ಗೊತ್ತಾಗುವುದಿಲ್ಲ, ತುಂಬಿದ ಮೇಲೆ ತೂತಿನಿಂದ ಎಷ್ಟು ಹೋಗುತ್ತದೋ ಅಷ್ಟೇ ಕೊಳಾಯಿ ಬಿಡಬೇಕು.

ಈ ಕ್ಯಾಮೆರಾದಲ್ಲಿ ರಾ ಚಿತ್ರಗಳು ಒಂದೇ ಓಟದಲ್ಲಿ 46 ಎಂದು ಸೋನಿ ಹೇಳುತ್ತದೆ. 11ರಿಂದ ಭಾಗಿಸಿದರೆ ನಾಲ್ಕು ಸೆಕೆಂಡು ಚಿಲ್ಲರೆ. ಗಟ್ಟಿಮೇಳದ ನಾಲ್ಕು ಸೆಕೆಂಡು ಇದೇ. ಕಾರ್ಡು ಎಷ್ಟೇ ದುಬಾರಿಯದಾದರೂ ಈ ನಾಲ್ಕು ಸೆಕೆಂಡು ಎಂಟಾಗುವುದಿಲ್ಲ, ಯಾಕೆಂದರೆ ದಾರಿಯೇ ಕಿರಿದು.

ಕಾರ್ಡಿನಿಂದ ಬದಲಾಗುವುದು ಆಮೇಲಿನದು. ಬಫರಿನಲ್ಲಿ 1 ಜಿಬಿ ಬಾಕಿ ಉಳಿದಿದೆ ಎಂದುಕೊಳ್ಳಿ. ಕಾರ್ಡಿಗೆ ಸೆಕೆಂಡಿಗೆ 70 ಎಂಬಿ ಇಳಿಯುತ್ತಿದ್ದರೆ ಖಾಲಿಯಾಗಲು 14 ಸೆಕೆಂಡು. 30 ಎಂಬಿ ಇಳಿಯುತ್ತಿದ್ದರೆ 33 ಸೆಕೆಂಡು. ಬರೀ 10 ಎಂಬಿಯ ಕಾರ್ಡಾದರೆ 100 ಸೆಕೆಂಡು. ಅಷ್ಟರಲ್ಲಿ ಸಪ್ತಪದಿಗೆ ಎದ್ದಿರುತ್ತಾರೆ. ಬಫರ್ ತುಂಬಿದ ಮೇಲೂ ಗುಂಡಿ ಬಿಡದೆ ಹಿಡಿದರೆ 70 ಎಂಬಿಯ ಕಾರ್ಡಿನಲ್ಲಿ ಸೆಕೆಂಡಿಗೆ ಮೂರರ ಹತ್ತಿರ ಚಿತ್ರ, 30 ಎಂಬಿಯದರಲ್ಲಿ ಒಂದು. ಎಕ್ಸ್‌ಟ್ರೀಮ್ ಪ್ರೊಗೂ ಅದರ ತಮ್ಮ ಅಲ್ಟ್ರಾಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಅಲ್ಟ್ರಾ ಕಾರ್ಡಿನ ಮೇಲೂ 140 ಎಂದು ದಪ್ಪಗೆ ಬರೆದಿರುತ್ತದೆ, ನೋಡಿದವರಿಗೆ ಇವೆರಡೂ ಅಕ್ಕಪಕ್ಕದ ಮನೆಯವು ಅನ್ನಿಸಬೇಕು. ಆದರೆ ಅದರ ಮೇಲಿನ ಖಾತರಿ ಯು1, ಅಂದರೆ 10 ಎಂಬಿ. ಮನೆಯ ಹುಟ್ಟುಹಬ್ಬ, ಪ್ರವಾಸ, ಒಂದೊಂದೇ ಚಿತ್ರ ತೆಗೆಯುವವರಿಗೆ ಅಲ್ಟ್ರಾ ಧಾರಾಳ ಸಾಕು. ಓಡುವ, ಹಾರುವ, ಅಕ್ಷತೆ ಎರಚುವ ಕಡೆ ಸಾಲದು.

ದುಡ್ಡಿಲ್ಲದ ಒಂದು ಪರಿಹಾರವೂ ಇದೆ. ಎ6400ರಲ್ಲಿ ಓಟದ ವೇಗಕ್ಕೆ ನಾಲ್ಕು ಹಂತ: 11, 8, 6, 3. ಆರಕ್ಕೆ ಇಳಿಸಿದರೆ ಅದೇ 46 ಚಿತ್ರ ಏಳೂವರೆ ಸೆಕೆಂಡು ಬರುತ್ತವೆ. ಆ ನಡುವೆ ಕಾರ್ಡು ಖಾಲಿ ಮಾಡುತ್ತಲೇ ಇರುವುದರಿಂದ ಅದಕ್ಕಿಂತ ಜಾಸ್ತಿಯೇ. ಮಾಂಗಲ್ಯಧಾರಣೆಗೆ ಸೆಕೆಂಡಿಗೆ ಆರು ಚಿತ್ರ ಬೇಕಾದಷ್ಟಾಯಿತು. ಜೆಪೆಗ್ ಎಕ್ಸ್‌ಟ್ರಾ ಫೈನ್‌ಗೆ ಬದಲಾಯಿಸಿದರೆ 11ರ ವೇಗದಲ್ಲೇ 99 ಚಿತ್ರ, ಒಂಬತ್ತು ಸೆಕೆಂಡು. ಹೊಸ ಕಾರ್ಡು ಕೊಳ್ಳುವ ಮೊದಲು ಇವೆರಡನ್ನು ಮಾಡಿ ನೋಡುವುದು ಲೇಸು.

ನಿಮ್ಮ ಸ್ಲಾಟ್ ಯಾವುದು

ಯುಎಚ್‌ಎಸ್-1 ಸ್ಲಾಟಿನವು: ಸೋನಿಯ ಎ6100, ಎ6400, ಎ6600, ಮೊದಲ ಝಡ್‌ವಿ-ಇ10, ನಿಕಾನ್‌ನ ಝಡ್30, ಮೊದಲ ಝಡ್50, ಡಿ5600, ಡಿ7500, ಕೆನಾನ್‌ನ ಆರ್50, ಆರ್100, 200ಡಿ, 80ಡಿ, ಫ್ಯೂಜಿಯ ಎಕ್ಸ್-ಟಿ30, ಎಕ್ಸ್-ಎಸ್10. ಇವುಗಳಲ್ಲಿ ಯಾವುದಿದ್ದರೂ ಎಕ್ಸ್‌ಟ್ರೀಮ್ ಪ್ರೊ 128 ತಂದು ಆ ವಿಷಯ ಮರೆತುಬಿಡಬಹುದು. ವಿ90 ಕಾರ್ಡು ಇವುಗಳಿಗೆ ಹಾಕಿದರೆ ಓಡುತ್ತದೆ, ಆದರೆ ಮೊದಲ ಸಾಲಿನ ಪಟ್ಟಿಗಳ ಮೇಲೆ, ಯುಎಚ್‌ಎಸ್-1ರ ವೇಗದಲ್ಲಿ. ಕೆಲವು ಯುಎಚ್‌ಎಸ್-2 ಕಾರ್ಡುಗಳು ಆ ಹಳೇ ಹಾದಿಯಲ್ಲಿ ಒಳ್ಳೆಯ ಯುಎಚ್‌ಎಸ್-1 ಕಾರ್ಡಿಗಿಂತ ನಿಧಾನವಾಗಿಯೂ ಬರೆಯುತ್ತವೆ. ಮೂರು ನಾಲ್ಕು ಪಟ್ಟು ದುಡ್ಡು ಕೊಟ್ಟು ಹಿಂದಕ್ಕೆ ಹೋಗುವುದು ಅಂದರೆ ಇದೇ.

ಯುಎಚ್‌ಎಸ್-2 ಇರುವವು: ಸೋನಿ ಎ6700, ಝಡ್‌ವಿ-ಇ10ರ ಎರಡನೇ ಆವೃತ್ತಿ, ಎ7ಸಿ, ಎ7-4, ನಿಕಾನ್ ಝಡ್5, ಝಡ್50ರ ಎರಡನೇ ಆವೃತ್ತಿ, ಕೆನಾನ್ ಆರ್10, ಆರ್7, ಆರ್8, ಆರ್6 ಮಾರ್ಕ್ 2, ಡಿಎಸ್‌ಎಲ್‌ಆರ್‌ನಲ್ಲಿ 90ಡಿ, ಫ್ಯೂಜಿ ಎಕ್ಸ್-ಟಿ3, ಎಕ್ಸ್-ಟಿ4, ಎಕ್ಸ್-ಎಸ್20. ಆರ್50ಗೂ ಆರ್10ಗೂ ಸ್ಲಾಟಿನಲ್ಲೇ ಈ ವ್ಯತ್ಯಾಸವಿದೆ ಎನ್ನುವುದನ್ನು ಕ್ಯಾಮೆರಾ ಮಾರುವವರು ಹೇಳುವುದು ಅಪರೂಪ.

ಸೋನಿ ಎ7-3 ಇದ್ದವರು ಒಂದು ವಿಷಯ ಗಮನಿಸಬೇಕು. ಎರಡು ಸ್ಲಾಟ್ ಇವೆ, ಆದರೆ ಒಂದನೆಯದು ಮಾತ್ರ ಯುಎಚ್‌ಎಸ್-2. ಆ ಒಂದನೆಯದು ಕೆಳಗಿದೆ, ಮೇಲಿರುವುದು ಎರಡನೆಯದು. ಬಾಗಿಲು ತೆರೆದು ಸಹಜವಾಗಿ ಮೇಲಿನದಕ್ಕೆ ದುಬಾರಿ ಕಾರ್ಡು ತೂರಿಸಿ “ಏನೂ ಫರಕ್ ಇಲ್ಲ” ಎನ್ನುವವರು ಕಡಿಮೆಯೇನಲ್ಲ. ಇನ್ನು, ಎರಡೂ ಕಾರ್ಡಿಗೆ ಒಟ್ಟಿಗೆ ನಕಲು ಬರೆಯುವ ಹಾಗೆ ಇಟ್ಟರೆ ನಿಧಾನದ ಕಾರ್ಡು ಯಾವುದೋ ಅದರ ಹೆಜ್ಜೆಗೇ ಕ್ಯಾಮೆರಾ ಹೆಜ್ಜೆ ಹಾಕುತ್ತದೆ. ಎತ್ತಿನ ಜೋಡಿಯಲ್ಲಿ ಒಂದು ಕುಂಟಿದರೆ ಗಾಡಿ ಕುಂಟಿದ ಹಾಗೆ. ಮದುವೆಗೆ ನಕಲು ಇರಲೇಬೇಕು, ಅದನ್ನು ಬಿಡುವುದು ಬೇಡ. ಸುರಕ್ಷತೆಗೆ ಕೊಟ್ಟ ಬೆಲೆ ಎಂದುಕೊಂಡು ಓಟದ ವೇಗ ಇಳಿಸಿಕೊಳ್ಳಿ.

ಈ ಎ7-3ರಲ್ಲಿ ಕಂಪ್ರೆಸ್ಡ್ ರಾ (ಕುಗ್ಗಿಸಿದ ರಾ) 89 ಚಿತ್ರ ಒಂದೇ ಓಟಕ್ಕೆ. 2 ಜಿಬಿ ಬಾಕಿ ಎಂದು ಹಿಡಿದರೆ, 70 ಎಂಬಿಯಲ್ಲಿ ಖಾಲಿಯಾಗಲು ಅರ್ಧ ನಿಮಿಷದ ಹತ್ತಿರ. ಸೆಕೆಂಡಿಗೆ 150 ಇಳಿದರೆ 13 ಸೆಕೆಂಡು. ಇಂಥ ಕಡೆ ಯುಎಚ್‌ಎಸ್-2ಕ್ಕೆ ಕೊಟ್ಟ ದುಡ್ಡು ಕೈಗೆ ಕಾಣುತ್ತದೆ, ಎಕ್ಸ್‌ಟ್ರೀಮ್ ಪ್ರೊನ ಈ ಮಾಡೆಲ್ ಸೋಲುವುದೂ ಇಲ್ಲೇ.

ಹಾಗಾದರೆ ಯಾವುದು? ಫೋಟೊಗೆ ವಿ60 ವರ್ಗವೇ ಸರಿಯಾದ ಜಾಗ. ಸೋನಿಯ ಟಫ್ ಎಂ ಸರಣಿ ಓದಲು 277, ಬರೆಯಲು 150 ಎಂದು ಹೇಳಿಕೊಳ್ಳುತ್ತದೆ. ಲೆಕ್ಸಾರ್ 1667 ಎಕ್ಸ್ ಮತ್ತು ಪ್ರೊಗ್ರೇಡ್‌ನ ವಿ60 ಕಾರ್ಡು ಅದೇ ಪಂಕ್ತಿಯವು. ಬರೆಯುವ ವೇಗ ಜಿಬಿ ಬದಲಾದ ಹಾಗೆ ಬದಲಾಗುತ್ತದೆ, ಆದ್ದರಿಂದ ಪ್ಯಾಕೆಟ್ಟಿನ ಹಿಂದೆ ನಿಮಗೆ ಬೇಕಾದ ಅಳತೆಯ ಸಾಲನ್ನೇ ಓದಿ. ವಿ90ರ ಸೋನಿ ಟಫ್ ಜಿ ಸರಣಿ 300 ಓದಿ 299 ಬರೆಯುತ್ತದೆ ಎನ್ನುತ್ತಾರೆ. ಬೆಲೆಯೂ ಹಾಗೇ ಏರುತ್ತದೆ. ದಿನಾ ಹಕ್ಕಿಯ ಹಿಂದೆ ಬಿದ್ದವರಿಗೆ ಬಿಟ್ಟರೆ ಫೋಟೊಗಾಗಿ ವಿ90 ಬೇಕಾಗುವುದು ಕಮ್ಮಿ.

ವಿಡಿಯೊದವರಿಗೆ

ವಿಡಿಯೊದಲ್ಲಿ ಗೊಂದಲಕ್ಕೆ ಮೂಲ ಬಿಟ್ ಮತ್ತು ಬೈಟ್. ಕ್ಯಾಮೆರಾ ಮೆನುವಿನಲ್ಲಿ 100 ಎಂದಿರುವುದು ಮೆಗಾಬಿಟ್, ಕಾರ್ಡಿನ ಮೇಲಿರುವುದು ಮೆಗಾಬೈಟ್. ಎಂಟರಿಂದ ಭಾಗಿಸಿ. ಎ6400ನ 100 ಮೆಗಾಬಿಟ್ ನಾಲ್ಕು-ಕೆ ವಿಡಿಯೊಗೆ ಬೇಕಾದದ್ದು ಸೆಕೆಂಡಿಗೆ 12.5 ಎಂಬಿ ಅಷ್ಟೇ. ಆದರೂ ಕ್ಯಾಮೆರಾ ಯು3 ಗುರುತಿನ ಕಾರ್ಡೇ ಬೇಕೆಂದು ಹಟ ಹಿಡಿಯುತ್ತದೆ. ಅಲ್ಟ್ರಾ ಹಾಕಿದರೆ 60 ಮೆಗಾಬಿಟ್‌ಗೆ ಒಪ್ಪುತ್ತದೆ, 100ಕ್ಕೆ ಒಪ್ಪುವುದಿಲ್ಲ. ಛತ್ರದಲ್ಲಿ ರಿಸೆಪ್ಶನ್ ಶುರುವಾದ ಮೇಲೆ ಇದು ಗೊತ್ತಾದರೆ ಫಜೀತಿ. ಎಕ್ಸ್‌ಟ್ರೀಮ್ ಪ್ರೊಗೆ ಈ ತೊಂದರೆ ಇಲ್ಲ. 128 ಜಿಬಿಯಲ್ಲಿ 100 ಮೆಗಾಬಿಟ್ ವಿಡಿಯೊ ಎರಡು ಮುಕ್ಕಾಲು ಗಂಟೆ ಹಿಡಿಯುತ್ತದೆ.

ಪ್ಯಾನಾಸಾನಿಕ್ ಜಿಎಚ್5, ಫ್ಯೂಜಿ ಎಕ್ಸ್-ಟಿ4 ಇವುಗಳಲ್ಲಿ 400 ಮೆಗಾಬಿಟ್ ತೆಗೆಯಬೇಕಾದರೆ 50 ಎಂಬಿ, ಅಂದರೆ ವಿ60. ಎ7-4ರ 600 ಮೆಗಾಬಿಟ್‌ಗೆ 75 ಎಂಬಿ, ಅಂದರೆ ವಿ90 ಅಥವಾ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಎ ಎಂಬ ಬೇರೆ ಬಗೆಯ, ಇನ್ನೂ ವೇಗದ ಕಾರ್ಡು. ಇಲ್ಲಿ ವಿ30 ಕಾರ್ಡು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಎಕ್ಸ್‌ಟ್ರೀಮ್ ಪ್ರೊ “90 ಬರೆಯುತ್ತದಲ್ಲಾ, 75ಕ್ಕೆ ಸಾಕಲ್ಲಾ” ಎಂದು ವಾದಿಸಬಹುದು. 90 ಅದರ ಗರಿಷ್ಠ. ನಡುವೆ ಒಂದು ಕ್ಷಣ 40ಕ್ಕೆ ಇಳಿದರೂ ಅದು ಮಾತು ತಪ್ಪಿದ ಹಾಗಲ್ಲ, ಯಾಕೆಂದರೆ ಅದು ಕೊಟ್ಟ ಮಾತು 30. ಫೋಟೊದಲ್ಲಿ ಆ ಕ್ಷಣವನ್ನು ಬಫರ್ ನುಂಗಿಕೊಳ್ಳುತ್ತದೆ, ವಿಡಿಯೊದಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತದೆ.

ರೀಡರ್ ಹಳತಾದರೆ

ಒಳ್ಳೆಯ ಕಾರ್ಡು ತಂದು ಹತ್ತು ವರ್ಷದ ಹಳೇ ಯುಎಸ್‌ಬಿ 2 ರೀಡರ್‌ಗೆ ಸಿಕ್ಕಿಸುವವರಿದ್ದಾರೆ. ಅದರಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ 35 ಎಂಬಿ ಆಸುಪಾಸು. 64 ಜಿಬಿ ನಕಲಾಗಲು ಅರ್ಧ ಗಂಟೆ. ಯುಎಸ್‌ಬಿ 3 ರೀಡರ್‌ನಲ್ಲಿ ಇದೇ ಕಾರ್ಡು 90ರಷ್ಟು ಓದಿದರೆ 12 ನಿಮಿಷ. ದಪ್ಪಕ್ಷರದ 200 ಬೇಕಿದ್ದರೆ ಕ್ವಿಕ್‌ಫ್ಲೋ ಬೆಂಬಲವಿರುವ ರೀಡರ್ ಬೇಕು. ವಾರಕ್ಕೆ ಒಂದು ಸಲ ನಕಲು ಮಾಡುವವರು ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾರ್ಡು ಯುಎಚ್‌ಎಸ್-2 ಆದರೆ ರೀಡರ್ ಕೂಡ ಯುಎಚ್‌ಎಸ್-2 ಆಗಿರಬೇಕು. ಬರೀ ಯುಎಸ್‌ಬಿ 3 ಎಂದಿದ್ದರೆ ಸಾಲದು, ಒಳಗೆ ಎರಡನೇ ಸಾಲಿನ ಸ್ಪರ್ಶಪಟ್ಟಿ ಇರಬೇಕು.

ಮೈಕ್ರೊ ಎಸ್‌ಡಿ ಕಾರ್ಡನ್ನು ಅಡಾಪ್ಟರಿಗೆ ಹಾಕಿ ಕ್ಯಾಮೆರಾದಲ್ಲಿ ಬಳಸುವುದು ತುರ್ತಿಗೆ ಸರಿ, ರೂಢಿಗೆ ಬೇಡ. ಕ್ಯಾಮೆರಾಗೂ ಅಡಾಪ್ಟರಿಗೂ ಒಂದು ಸ್ಪರ್ಶ, ಅಡಾಪ್ಟರಿಗೂ ಕಾರ್ಡಿಗೂ ಇನ್ನೊಂದು. ಕೈ ಕೊಡಲು ಜಾಗ ಎರಡಾಯಿತು.

ಅಸಲಿಯೋ ನಕಲಿಯೋ

ಹೆಸರು ದೊಡ್ಡದಾದಷ್ಟೂ ನಕಲಿ ಜಾಸ್ತಿ, ಹಾಗಾಗಿ ಎಕ್ಸ್‌ಟ್ರೀಮ್ ಪ್ರೊ ಕೊಳ್ಳುವವರು ಈ ಭಾಗವನ್ನು ಬಿಡಬಾರದು. ನಕಲಿ ಕಾರ್ಡಿನೊಳಗೆ ಇರುವುದು 8 ಅಥವಾ 16 ಜಿಬಿ ಚಿಪ್. ಅದರ ಕಂಟ್ರೋಲರ್‌ಗೆ “128 ಎಂದು ಹೇಳು” ಎಂದು ಕಲಿಸಿರುತ್ತಾರೆ. ಕಂಪ್ಯೂಟರೂ ಕ್ಯಾಮೆರಾವೂ ಅದನ್ನು ನಂಬುತ್ತವೆ. ನಿಜವಾದ ಜಾಗ ತುಂಬಿದ ಮೇಲೆ ಬಂದ ಫೈಲುಗಳು ಹಳೆಯವುಗಳ ಮೇಲೆ ಕೂರುತ್ತವೆ, ಇಲ್ಲವೇ ಎಲ್ಲಿಗೂ ಹೋಗದೆ ಮಾಯವಾಗುತ್ತವೆ. ಪಟ್ಟಿಯಲ್ಲಿ ಹೆಸರುಗಳು ಇರುತ್ತವೆ, ತೆರೆದರೆ ಅರ್ಧ ಚಿತ್ರ, ಉಳಿದರ್ಧ ಬೂದಿ ಬಣ್ಣ.

ಅಸಲಿ 128 ಜಿಬಿ ಕಾರ್ಡು ವಿಂಡೋಸ್‌ನಲ್ಲಿ 119 ಜಿಬಿ ಎಂದು ಕಾಣುತ್ತದೆ. ಇದು ಮೋಸವಲ್ಲ, ಕಂಪನಿ ಸಾವಿರದಲ್ಲಿ ಎಣಿಸುತ್ತದೆ, ವಿಂಡೋಸ್ 1024ರಲ್ಲಿ ಎಣಿಸುತ್ತದೆ. ಆದರೆ ನಕಲಿಯೂ 119 ಎಂದೇ ತೋರಿಸುತ್ತದೆ, ಆದ್ದರಿಂದ ಆ ಸಂಖ್ಯೆ ನೋಡಿ ನೆಮ್ಮದಿಯಾಗುವಂತಿಲ್ಲ. ಅಕ್ಷರದ ಅಚ್ಚು, ಹೊಲೋಗ್ರಾಮ್ ನೋಡಿ ಪತ್ತೆ ಹಚ್ಚುವ ಕಾಲವೂ ಮುಗಿಯಿತು, ನಕಲಿಯವರ ಅಚ್ಚು ಈಗ ಚೆನ್ನಾಗಿಯೇ ಇದೆ. ಕಾರ್ಡನ್ನು ಪೂರ್ತಿ ತುಂಬಿಸಿ, ಪೂರ್ತಿ ಓದಿ ನೋಡುವುದೊಂದೇ ದಾರಿ.

ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಪುಟ್ಟ ತಂತ್ರಾಂಶವಿದೆ, ಜರ್ಮನಿಯದು. ತೆರೆದ ಕೂಡಲೇ ಜರ್ಮನ್ ಕಾಣಿಸುತ್ತದೆ, ಮೇಲ್ಗಡೆ ಇಂಗ್ಲಿಷ್ ಆರಿಸಿ. ಖಾಲಿ ಕಾರ್ಡನ್ನು ಗುರಿಯಾಗಿ ತೋರಿಸಿ, ಇರುವ ಜಾಗವೆಲ್ಲ ಎಂಬುದನ್ನು ಹಾಗೇ ಬಿಟ್ಟು, ರೈಟ್ ಪ್ಲಸ್ ವೆರಿಫೈ ಒತ್ತಿ. ಸೆಕೆಂಡಿಗೆ 80 ಎಂಬಿ ಲೆಕ್ಕದಲ್ಲಿ 128 ಜಿಬಿ ಬರೆಯಲು 27 ನಿಮಿಷ, ಓದಲು ಹೆಚ್ಚುಕಡಿಮೆ ಅಷ್ಟೇ. ಹಳೇ ರೀಡರ್ ಆದರೆ ಎರಡು ಗಂಟೆ ಹಿಡಿಯುತ್ತದೆ, ಊಟಕ್ಕೆ ಹೋಗಿ ಬನ್ನಿ. ಕೊನೆಯಲ್ಲಿ ಎರರ್ ಇಲ್ಲ ಎಂದು ಬಂದು, ಬರೆದ ವೇಗ 60-70ಕ್ಕಿಂತ ಮೇಲಿದ್ದರೆ ಕಾರ್ಡು ಸರಿಯಾಗಿದೆ. ಕೆಂಪಕ್ಷರ ಬಂದರೆ ಅದರ ಚಿತ್ರ ತೆಗೆದಿಟ್ಟುಕೊಂಡು ಕಾರ್ಡು ವಾಪಸ್ ಮಾಡಿ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಎಫ್3 ಇದೆ. ಆನ್‌ಲೈನಲ್ಲಿ ಕೊಂಡಿದ್ದರೆ ಹಿಂತಿರುಗಿಸುವ ಗಡುವು ಮುಗಿಯುವುದರೊಳಗೆ ಈ ಪರೀಕ್ಷೆ ಆಗಬೇಕು, “ಮುಂದಿನ ಟ್ರಿಪ್ಪಿಗೆ ತೆಗೆಯೋಣ” ಎಂದು ಪ್ಯಾಕೆಟ್ಟನ್ನು ಬೀರುವಿನಲ್ಲಿಟ್ಟರೆ ಆಯಿತು ಕಥೆ. ಅಂಗಡಿಯಲ್ಲಿ ಕೊಂಡರೆ ಪ್ಯಾಕೆಟ್ಟಿಲ್ಲದ ಬಿಡಿ ಕಾರ್ಡು ಬೇಡ, ಜಿಎಸ್‌ಟಿ ಬಿಲ್ ಬೇಕು. ಎಕ್ಸ್‌ಟ್ರೀಮ್ ಪ್ರೊಗೆ ಸೀಮಿತ ಲೈಫ್‌ಟೈಮ್ ವಾರಂಟಿ ಇದೆ. ಬಿಲ್ ಇಲ್ಲದೆ ಅದನ್ನು ಕೇಳಲು ಹೋಗುವುದು ಕಷ್ಟ. ವಾರಂಟಿಯಲ್ಲಿ ಬರುವುದು ಹೊಸ ಕಾರ್ಡು ಮಾತ್ರ, ಒಳಗಿದ್ದ ಫೋಟೊಗಳಲ್ಲ.

ಮುರಿಯುವುದು ಎಲ್ಲಿ

ಈ ಕಾರ್ಡಿನ ಒಳಗಿನ ಚಿಪ್‌ಗಿಂತ ಹೊರಗಿನ ಪ್ಲಾಸ್ಟಿಕ್ ದುರ್ಬಲ. ಹಿಂಬದಿಯ ಪಟ್ಟಿಗಳ ನಡುವೆ ಕೂದಲೆಳೆಯಂಥ ಸಣ್ಣ ಗೋಡೆಗಳಿವೆ. ಜೇಬಿನಲ್ಲಿ ನಾಣ್ಯ, ಕೀಲಿಗಳ ಜತೆ ಇಟ್ಟರೆ ಅವು ಮುರಿಯುತ್ತವೆ. ಮುರಿದ ಚೂರು ಸ್ಲಾಟಿನೊಳಗೆ ಉಳಿದರೆ ಕಾರ್ಡಿನ ಖರ್ಚಲ್ಲ, ಕ್ಯಾಮೆರಾ ರಿಪೇರಿಯ ಖರ್ಚು. ಬದಿಯ ಲಾಕ್ ಗುಂಡಿ ಇನ್ನೊಂದು ತಲೆನೋವು. ಆ ಗುಂಡಿ ಕಾರ್ಡಿನೊಳಗೆ ಯಾವುದಕ್ಕೂ ಜೋಡಿಸಿಲ್ಲ. ಅದು ಎಲ್ಲಿದೆ ಎಂದು ನೋಡುವುದು ಸ್ಲಾಟಿನೊಳಗಿನ ಸ್ವಿಚ್. ಗುಂಡಿ ಸಡಿಲವಾಗಿ ಜಾರಿದರೆ, ಇಲ್ಲವೇ ಉದುರಿಹೋದರೆ, ಕ್ಯಾಮೆರಾ “ಕಾರ್ಡು ಲಾಕ್ ಆಗಿದೆ” ಎನ್ನುತ್ತದೆ. ಆ ಖಾಲಿ ಕಚ್ಚಿನ ಮೇಲೆ ತೆಳು ಟೇಪು ಸುತ್ತಿದರೆ ಆ ಹೊತ್ತಿಗೆ ಕೆಲಸ ಸಾಗುತ್ತದೆ, ಆದರೆ ಟೇಪು ಸ್ಲಾಟಿನೊಳಗೆ ಕಿತ್ತು ಬರುವ ಅಪಾಯವಿದೆ. ಕಾರ್ಯಕ್ರಮ ಮುಗಿದ ಮೇಲೆ ಆ ಕಾರ್ಡಿಗೆ ನಿವೃತ್ತಿ. ಸೋನಿ ಟಫ್ ಕಾರ್ಡಿನಲ್ಲಿ ಗೋಡೆಯೂ ಇಲ್ಲ, ಗುಂಡಿಯೂ ಇಲ್ಲ, ಇಡೀ ಕಾರ್ಡು ಒಂದೇ ಅಚ್ಚು. ವೇಗಕ್ಕಿಂತ ಈ ಕಾರಣಕ್ಕೆ ಅದನ್ನು ಕೊಳ್ಳುವವರ ಲೆಕ್ಕವೇ ಸರಿ ಅನ್ನಿಸುತ್ತದೆ.

ಎ6400ರಲ್ಲಿ ಕಾರ್ಡು ಕೂರುವುದು ಬ್ಯಾಟರಿಯ ಪಕ್ಕ, ಕ್ಯಾಮೆರಾದ ತಳದಲ್ಲಿ. ಟ್ರೈಪಾಡ್ ಪ್ಲೇಟ್ ಹಾಕಿದ್ದರೆ ಎಷ್ಟೋ ಸಲ ಬಾಗಿಲು ತೆರೆಯುವುದೇ ಇಲ್ಲ. ಹೀಗಾಗಿ ಈ ಕ್ಯಾಮೆರಾದವರಿಗೆ 64 ಜಿಬಿ ಎರಡಕ್ಕಿಂತ 128 ಜಿಬಿ ಒಂದು ಹಾಕಿ, ಇನ್ನೊಂದು 128 ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಅನುಕೂಲ. ರಾ ಫೈಲುಗಳು ಐದು ಸಾವಿರದ ಹತ್ತಿರ ಹಿಡಿಯುತ್ತವೆ. ಮದುವೆಯ ಒಂದು ದಿನಕ್ಕೆ ಸಾಕು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಎಂಬ ಭಯ ಇದ್ದರೆ ಊಟದ ಬಿಡುವಿನಲ್ಲಿ ಕಾರ್ಡು ಬದಲಿಸಿ.

ತುಂಬಾ ದಿನ ಬಳಸಿದ ಕಾರ್ಡು ನಿಧಾನವಾಗಿದೆ ಅನ್ನಿಸಿದರೆ ಕಾರಣ ಸಾಮಾನ್ಯವಾಗಿ ಒಂದೊಂದೇ ಚಿತ್ರ ಅಳಿಸುವ ಅಭ್ಯಾಸ. ಫ್ಲ್ಯಾಶ್ ಮೆಮೊರಿ ಬರೆಯುವುದು ಸಣ್ಣ ಸಣ್ಣ ತುಂಡಿನಲ್ಲಿ, ಅಳಿಸುವುದು ದೊಡ್ಡ ಬ್ಲಾಕಿನಲ್ಲಿ. ಅಲ್ಲಲ್ಲಿ ಅಳಿಸಿ ತೇಪೆಯಾದ ಕಾರ್ಡು ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಸರಿಸಿ ಜಾಗ ಮಾಡಿಕೊಳ್ಳಬೇಕು. ಎರಡು ಕಡೆ ನಕಲು ಆದ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕೆನಾನ್‌ನಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಎಂಬ ಚೌಕಕ್ಕೆ ಗುರುತು ಹಾಕಿದರೆ ಕಾರ್ಡು ಹೊಸದರ ಹಾಗೆ ಶುಚಿಯಾಗುತ್ತದೆ. ಕಂಪ್ಯೂಟರಿನಲ್ಲೇ ಮಾಡಬೇಕಾದರೆ ವಿಂಡೋಸ್‌ನ ಫಾರ್ಮ್ಯಾಟ್ ಬೇಡ, ಎಸ್‌ಡಿ ಅಸೋಸಿಯೇಷನ್ ಉಚಿತವಾಗಿ ಕೊಡುವ ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್ ಬಳಸಿ, ಆಮೇಲೆ ಕ್ಯಾಮೆರಾದಲ್ಲಿ ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ನಕಲು ಮಾಡುವ ಮೊದಲೇ ಕೈತಪ್ಪಿ ಅಳಿಸಿದರೆ, ಅಥವಾ ಫಾರ್ಮ್ಯಾಟ್ ಆದರೆ, ಆ ಕಾರ್ಡಿನಲ್ಲಿ ಇನ್ನೊಂದೇ ಒಂದು ಫೋಟೊ ತೆಗೆಯಬಾರದು. ತಕ್ಷಣ ತೆಗೆದು ಲಾಕ್ ಗುಂಡಿ ಕೆಳಗೆ ಎಳೆದಿಡಿ, ಆ ಗುಂಡಿ ಉಪಯೋಗಕ್ಕೆ ಬರುವ ಹೊತ್ತು ಇದೊಂದೇ. ಸಾಮಾನ್ಯ ಫಾರ್ಮ್ಯಾಟ್ ಅಳಿಸುವುದು ಪಟ್ಟಿಯನ್ನು, ಚಿತ್ರಗಳನ್ನಲ್ಲ. ಲೋ ಲೆವೆಲ್ ಮಾಡಿದ್ದರೆ ಮಾತ್ರ ಆಸೆ ಬಿಡಬೇಕು. ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ ಹುಡುಕಿಸಿ, ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಬರೆಯದೆ ಕಂಪ್ಯೂಟರಿನ ಡಿಸ್ಕಿಗೆ ಉಳಿಸಿ. ಹಳೇ ಫೈಲ್ ಹೆಸರುಗಳು ಬರುವುದಿಲ್ಲ, ಚಿತ್ರಗಳು ಬರುತ್ತವೆ. ತೆಗೆದ ಹೊತ್ತು ಫೈಲಿನೊಳಗೇ ಇರುವುದರಿಂದ ಧಾರೆ ಯಾವುದು, ಆರತಕ್ಷತೆ ಯಾವುದು ಎಂದು ಆಮೇಲೆ ಜೋಡಿಸಿಕೊಳ್ಳಬಹುದು.